ಗೋಡೆಗೆ ನಂಬರ್ ಬಂತು, ಮಂಗಳವಾರಕ್ಕೆ ರಜೆ ಬರಲಿಲ್ಲ

ಈ ಸೆಮಿಸ್ಟರ್ ಶುರುವಾದಾಗ ನಮ್ಮ ಕಾಲೇಜಿನ ಲೈಬ್ರರಿ ಮೆಟ್ಟಿಲಿನ ಪಕ್ಕದ ಗೋಡೆಗೆ ಒಂದು ಪೋಸ್ಟರ್ ಅಂಟಿಸಿದರು. ಮೇಲೆ ದೊಡ್ಡದಾಗಿ ‘ಟೆಲಿ ಮಾನಸ್ 14416’. ಕೆಳಗೆ ‘ಕೌನ್ಸೆಲರ್ ಹೆಸರು’ ಎಂದು ಬರೆದು ಜಾಗ ಖಾಲಿ ಬಿಟ್ಟಿದ್ದರು. ಒಂದು ವಾರದ ಮೇಲೆ ಆ ಜಾಗದಲ್ಲಿ ಸ್ಕೆಚ್ ಪೆನ್ನಿನಿಂದ ಬರೆದ ಹೆಸರು ಬಂತು. ನೋಡಿದರೆ ನಮಗೆ ಮೊದಲ ವರ್ಷ ಗಣಿತ ಹೇಳಿಕೊಟ್ಟ ಮೇಡಂ. ಅವರ ಬಗ್ಗೆ ನನಗೆ ಗೌರವವಿದೆ, ಪಾಠ ಚೆನ್ನಾಗಿ ಮಾಡುತ್ತಾರೆ. ಆದರೆ ನನ್ನ ಇಂಟರ್ನಲ್ಸ್‌ಗೆ ಅಂಕ ಹಾಕಿದವರೂ ಅವರೇ. ‘ಮೇಡಂ, ಒಂದೂವರೆ ವರ್ಷದಿಂದ ರಾತ್ರಿ ನಿದ್ದೆ ಬರ್ತಿಲ್ಲ, ಪುಸ್ತಕ ತೆಗೆದರೆ ಎದೆ ಹೊಡೆದುಕೊಳ್ಳುತ್ತೆ’ ಎಂದು ಅವರ ಮುಂದೆ ಕುಳಿತು ಹೇಳುವ ಧೈರ್ಯ ನಮ್ಮ ಬ್ಯಾಚಿನಲ್ಲಿ ಯಾರಿಗೂ ಇದ್ದಂತಿಲ್ಲ. ಸ್ಟಾಫ್ ರೂಮಿನಲ್ಲಿ ಅವರ ಟೇಬಲ್‌ನ ಎರಡೂ ಪಕ್ಕದಲ್ಲಿ ಬೇರೆ ಲೆಕ್ಚರರ್‌ಗಳು ಕೂತಿರುತ್ತಾರೆ ಎಂಬುದು ಬೇರೆ ಮಾತು.

ಆ ಪೋಸ್ಟರ್ ಹಿಂದೆ ಒಂದು ತೀರ್ಪಿದೆ. ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ತಯಾರಿ ನಡೆಸುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯೊಬ್ಬಳು 2023ರಲ್ಲಿ ತೀರಿಕೊಂಡಳು. ಸಾವಿನ ತನಿಖೆಯನ್ನು ಸಿಬಿಐಗೆ ಕೊಡಿ ಎಂದು ಆಕೆಯ ತಂದೆ ಸುಪ್ರೀಂ ಕೋರ್ಟ್‌ವರೆಗೆ ಹೋದರು. 2025ರ ಜುಲೈ 25ರಂದು ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠ ತನಿಖೆಯನ್ನು ಸಿಬಿಐಗೆ ವಹಿಸಿತು. ಜೊತೆಗೆ, ಸರಿಯಾದ ಕಾನೂನು ಬರುವವರೆಗೆ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳು ಪಾಲಿಸಬೇಕಾದ 15 ಮಾರ್ಗಸೂಚಿಗಳನ್ನೂ ಕೊಟ್ಟಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರಾದರೂ ಇರಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಇಟ್ಟುಕೊಳ್ಳಬೇಕು. ಅಂಕ ನೋಡಿ ಬ್ಯಾಚ್ ಬೇರೆ ಮಾಡಬಾರದು. ಸಹಾಯವಾಣಿ ಸಂಖ್ಯೆಯನ್ನು ಹಾಸ್ಟೆಲ್, ತರಗತಿಗಳಲ್ಲಿ ಎದ್ದು ಕಾಣುವಂತೆ ಹಾಕಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ ಕೊಡಬೇಕು.

ಇವುಗಳಲ್ಲಿ ಅತ್ಯಂತ ಅಗ್ಗದ್ದು ಪೋಸ್ಟರ್. ಅದು ಮೊದಲು ಬಂತು.

ಅದೇ ವರ್ಷ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್‌ನ ಇನ್ನೊಂದು ಪೀಠ, ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಮತ್ತು ಆತ್ಮಹತ್ಯೆ ತಡೆ ಕುರಿತು ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಕಾರ್ಯಪಡೆ ರಚಿಸಿತ್ತು. ಇಷ್ಟೆಲ್ಲ ಯಾಕೆ ಎಂದರೆ ಅಂಕಿಗಳು ಹಾಗಿವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2013ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತ ವಿದ್ಯಾರ್ಥಿಗಳು 8,423. 2023ರಲ್ಲಿ 13,892. ಹತ್ತು ವರ್ಷದಲ್ಲಿ ಸುಮಾರು 65% ಏರಿಕೆ.

ಈ ಚರ್ಚೆಯನ್ನು ನಾನು ಪತ್ರಿಕೆಗಳಲ್ಲಿ ತಪ್ಪದೆ ಓದುತ್ತಿದ್ದೇನೆ. ಓದುವಾಗೆಲ್ಲ ಒಂದು ಕಸಿವಿಸಿ ಇರುತ್ತದೆ. ಎಲ್ಲವೂ ಆ ಕೊನೆಯ ಘಟ್ಟದ ಬಗ್ಗೆಯೇ. ಅದಕ್ಕಿಂತ ಎರಡು ಮೂರು ವರ್ಷ ಹಿಂದಿನಿಂದ ರಾತ್ರಿ ಮೂರರವರೆಗೆ ಚಾವಣಿ ನೋಡುತ್ತಾ ಮಲಗಿ, ಬೆಳಿಗ್ಗೆ ಎದ್ದು ಕೆಂಪು ಕಣ್ಣಿನಲ್ಲಿ ಲ್ಯಾಬ್‌ಗೆ ಬಂದು, ಅಂತೂ ಇಂತೂ ಪಾಸಾಗುತ್ತಾ ಇರುವವರ ಮಾತು ಎಲ್ಲೂ ಬರುವುದಿಲ್ಲ. ಅವರು ಸಾಯುವ ಯೋಚನೆ ಮಾಡುತ್ತಿಲ್ಲ. ಕಾಲೇಜಿನ ಲೆಕ್ಕದಲ್ಲಿ ಅವರು ಚೆನ್ನಾಗಿಯೇ ಇದ್ದಾರೆ. ನಾನು ಆ ಗುಂಪಿನವನು, ಆದ್ದರಿಂದ ಈ ಬರಹ.

ನನ್ನ ಕಥೆಯನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಮೂರನೇ ಸೆಮಿಸ್ಟರ್‌ನಲ್ಲಿ ಎರಡು ಬ್ಯಾಕ್‌ಲಾಗ್ ಆದವು. ಅವನ್ನು ಮುಂದಿನ ಸಲವೇ ಕ್ಲಿಯರ್ ಮಾಡಿದೆ, ಆದರೆ ಆಗ ಹಿಡಿದ ಗಾಬರಿ ಬಿಡಲಿಲ್ಲ. ಮಲಗಿದ ಕೂಡಲೇ ಶಿಕ್ಷಣ ಸಾಲದ ಕಂತು, ಪ್ಲೇಸ್‌ಮೆಂಟ್, ಅಕ್ಕನ ಮದುವೆ, ನಾಳೆಯ ವೈವಾ ಒಂದರ ಹಿಂದೆ ಒಂದು ಬರುತ್ತಿದ್ದವು. ಒಂದು ರಾತ್ರಿ ಎದೆ ಹಿಡಿದುಕೊಂಡು, ಕೈ ಬೆವರಿ, ಇನ್ನೇನು ಹೃದಯಾಘಾತವೇ ಎಂದುಕೊಂಡು ರೂಮ್‌ಮೇಟ್‌ನನ್ನು ಎಬ್ಬಿಸಿದೆ. ನರ್ಸಿಂಗ್ ಹೋಮ್ ಒಂದರಲ್ಲಿ ಇಸಿಜಿ ಮಾಡಿ ‘ಎಲ್ಲಾ ನಾರ್ಮಲ್ ಇದೆ, ಗ್ಯಾಸ್ಟ್ರಿಕ್’ ಎಂದು ಮಾತ್ರೆ ಬರೆದುಕೊಟ್ಟರು. ಮೂರು ತಿಂಗಳಲ್ಲಿ ಮೂರು ಇಸಿಜಿ ಆದವು. ಒಬ್ಬರಾದರೂ ‘ರಾತ್ರಿ ಎಷ್ಟು ಗಂಟೆ ಮಲಗ್ತೀಯಪ್ಪಾ’ ಎಂದು ಕೇಳಲಿಲ್ಲ. ಊರಿಗೆ ಹೋದಾಗ ಅಮ್ಮ ದೃಷ್ಟಿ ತೆಗೆದು, ‘ಆ ಮೊಬೈಲ್ ಪಕ್ಕಕ್ಕಿಡು, ತಾನೇ ನಿದ್ದೆ ಬರುತ್ತೆ’ ಎಂದಳು. ಅಮ್ಮನ ಮಾತು ಪೂರ್ತಿ ತಪ್ಪಲ್ಲ ಎಂದು ಆಮೇಲೆ ಗೊತ್ತಾಯಿತು. ಆದರೆ ಅಷ್ಟೇ ಸಾಲುವುದಿಲ್ಲ ಎಂದೂ ಗೊತ್ತಾಯಿತು.

ಇಲ್ಲಿ ಒಂದು ಅಪಾಯದ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯಬೇಕು, ಏಕೆಂದರೆ ಇದು ನಮ್ಮ ಹಾಸ್ಟೆಲ್‌ಗಳಲ್ಲಿ ನಡೆಯುತ್ತಿದೆ. ಪರೀಕ್ಷೆ ಸಮಯದಲ್ಲಿ ಸೀನಿಯರ್ ಒಬ್ಬ ಅರ್ಧ ಮಾತ್ರೆ ಕೈಗಿಟ್ಟು ‘ಇದನ್ನ ತಗೊಂಡು ಮಲಗು ಮಗಾ’ ಎಂದ. ಅಲ್ಪ್ರಜೋಲಮ್. ಆ ರಾತ್ರಿ ಕಲ್ಲಿನ ಹಾಗೆ ಮಲಗಿದೆ. ಸಮಸ್ಯೆ ಶುರುವಾಗುವುದೇ ಅಲ್ಲಿಂದ. ಈ ಗುಂಪಿನ ಮಾತ್ರೆಗಳಿಗೆ ದೇಹ ಕೆಲವೇ ವಾರಗಳಲ್ಲಿ ಒಗ್ಗಿಕೊಳ್ಳಬಹುದು. ಮೊದಲು ಅರ್ಧಕ್ಕೆ ಬರುತ್ತಿದ್ದ ನಿದ್ದೆಗೆ ಆಮೇಲೆ ಒಂದು ಬೇಕಾಗುತ್ತದೆ. ಹಠಾತ್ತನೆ ನಿಲ್ಲಿಸಿದರೆ ಮೊದಲಿಗಿಂತ ಹೆಚ್ಚು ಗಾಬರಿ, ನಿದ್ದೆಗೇಡು, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಮದ್ಯದ ಜೊತೆ ಸೇರಿದರೆ ಉಸಿರಾಟಕ್ಕೇ ತೊಂದರೆ. ಆ ಕಾರಣಕ್ಕೇ ಇದನ್ನು ಶೆಡ್ಯೂಲ್ ಎಚ್1 ಪಟ್ಟಿಯಲ್ಲಿಟ್ಟಿದ್ದಾರೆ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಈ ನಿಯಮದ ಪ್ರಕಾರ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಮೆಡಿಕಲ್ ಶಾಪಿನವರು ರೋಗಿಯ ಹೆಸರು, ವೈದ್ಯರ ಹೆಸರು, ಕೊಟ್ಟ ಪ್ರಮಾಣವನ್ನು ಪ್ರತ್ಯೇಕ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಸೀನಿಯರ್‌ಗೆ ಆ ಸ್ಟ್ರಿಪ್ ಎಲ್ಲಿ ಸಿಕ್ಕಿತು ಎಂದು ಕೇಳಿದೆ. ‘ಪರಿಚಯದ ಅಂಗಡಿ’ ಎಂದ. ನಾನೂ ಆರು ವಾರ ಆ ಪರಿಚಯದ ಗಿರಾಕಿಯಾಗಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ. ಯಾವ ರಿಜಿಸ್ಟರ್‌ನಲ್ಲೂ ನನ್ನ ಹೆಸರಿಲ್ಲ. ವೈದ್ಯರ ಹತ್ತಿರ ಹೋಗಲು ಒಂದೂವರೆ ವರ್ಷ ನಾಚಿಕೊಂಡವನಿಗೆ ಅಂಗಡಿಗೆ ಹೋಗಲು ಒಂದು ದಿನವೂ ನಾಚಿಕೆಯಾಗಿರಲಿಲ್ಲ.

ನಾಚಿಕೆಗೆ ಕಾರಣ ಎಲ್ಲರಿಗೂ ಗೊತ್ತಿರುವುದೇ. ಬೆಂಗಳೂರಿನ ಕಡೆ ಯಾರಾದರೂ ವಿಚಿತ್ರವಾಗಿ ಆಡಿದರೆ ‘ನಿಮ್ಹಾನ್ಸ್‌ಗೆ ಸೇರಿಸ್ಬೇಕು’ ಎನ್ನುತ್ತಾರೆ. ನಮ್ಮ ಕಡೆಯಿಂದ ಉತ್ತರಕ್ಕೆ ಹೋದರೆ ‘ಧಾರವಾಡಕ್ಕೆ ಕಳಿಸ್ಬೇಕು’. ನಾನು ನಿದ್ದೆ ಬಗ್ಗೆ ಮೊದಲ ಸಲ ಬಾಯಿಬಿಟ್ಟಾಗ ಗೆಳೆಯ ನಗುತ್ತಾ ‘ಲೇ, ಧಾರವಾಡಕ್ಕೆ ಟಿಕೆಟ್ ಮಾಡಿಸ್ಲಾ?’ ಎಂದ. ಅವನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಆದರೆ ಆ ಒಂದು ಜೋಕಿನ ಮೇಲೆ ನಾನು ಇನ್ನೂ ನಾಲ್ಕು ತಿಂಗಳು ಸುಮ್ಮನಿದ್ದೆ. ವಿಪರ್ಯಾಸ ನೋಡಿ, ಜಗತ್ತಿಗೆ ಹೆಮ್ಮೆಯಿಂದ ತೋರಿಸಬಹುದಾದ ಕೆಲಸ ಇದೇ ಕ್ಷೇತ್ರದಲ್ಲಿ ನಮ್ಮ ರಾಜ್ಯದಲ್ಲಿ ಆಗಿದೆ. ಮಾನಸಿಕ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಯ ಕಾಂಪೌಂಡಿನಿಂದ ಹೊರಗೆ ತಂದು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ತಲುಪಿಸಬಹುದೇ ಎಂದು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ಮಾಡಿತು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಅದನ್ನು ಆಧರಿಸಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಜೋಕ್ ಮಾತ್ರ ಆ ಕಾಂಪೌಂಡಿನೊಳಗೇ ಉಳಿದಿದೆ.

ಅದೇ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನನ್ನಂಥವರ ಲೆಕ್ಕ ಸ್ವಲ್ಪ ಕೊಡುತ್ತದೆ. ವಯಸ್ಕರಲ್ಲಿ 10.6% ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇತ್ತು. ಚಿಕಿತ್ಸೆ ಬೇಕಿದ್ದೂ ಸಿಗದವರ ಪ್ರಮಾಣ ಬೇರೆ ಬೇರೆ ಕಾಯಿಲೆಗಳಲ್ಲಿ 70ರಿಂದ 92%. ಆ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಇದ್ದಿದ್ದರೂ ಉತ್ತರ ತುಂಬಾ ಬೇರೆ ಬರುತ್ತಿತ್ತು ಎಂದು ನಮ್ಮ ಹಾಸ್ಟೆಲ್ ನೋಡಿದರೆ ಅನಿಸುವುದಿಲ್ಲ. ದೇಶದಲ್ಲಿ ಒಂದು ಲಕ್ಷ ಜನರಿಗೆ 0.75 ಮನೋವೈದ್ಯರು, ಇರಬೇಕಾದದ್ದು ಕನಿಷ್ಠ 3 ಎಂದು ಸಂಸತ್ತಿನ ಸ್ಥಾಯಿ ಸಮಿತಿ 2023ರಲ್ಲಿ ಹೇಳಿತ್ತು. ಮುಕ್ಕಾಲು ಮನೋವೈದ್ಯ ಎಂದರೆ ಹೇಗಿರುತ್ತಾರೋ.

ನಾನು ಕಡೆಗೆ ಕರೆ ಮಾಡಿದ್ದು ಗೋಡೆಯ ಮೇಲಿನ ನಂಬರಿಗೇ. ಪೋಸ್ಟರ್ ಬಗ್ಗೆ ಆಗಲೇ ಗೊಣಗಿದೆ, ಆದ್ದರಿಂದ ಇದನ್ನೂ ಹೇಳಬೇಕು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ದಿನದ 24 ಗಂಟೆಯೂ ಉಚಿತ. ಕನ್ನಡದಲ್ಲಿ ಮಾತಾಡುತ್ತಾರೆ. ರಾತ್ರಿ ಒಂದೂವರೆಗೆ ಟೆರೇಸ್ ಮೇಲೆ ನಿಂತು ಮಾತಾಡಿದೆ. ಆ ಕಡೆಯ ಹೆಣ್ಣುಮಗಳು ಅವಸರ ಮಾಡಲಿಲ್ಲ, ಬುದ್ಧಿವಾದ ಹೇಳಲಿಲ್ಲ. ಎಷ್ಟು ದಿನದಿಂದ, ವಾರಕ್ಕೆ ಎಷ್ಟು ರಾತ್ರಿ, ಏನಾದರೂ ಮಾಡಿಕೊಳ್ಳುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದರು. ಹಾಗೆ ಕೇಳಿದ್ದೇ ಹಗುರವಾಯಿತು. ಫೋನಿನಲ್ಲಿ ಮೊದಲು ಸಿಗುವವರು ತರಬೇತಾದ ಆಪ್ತಸಮಾಲೋಚಕರು. ಅವರಿಗೆ ಅಗತ್ಯ ಕಂಡರೆ ತಜ್ಞರಿಗೆ ಅಥವಾ ಹತ್ತಿರದ ಆಸ್ಪತ್ರೆಗೆ ದಾರಿ ಮಾಡಿಕೊಡುತ್ತಾರೆ. ನನಗೆ ಹೇಳಿದ್ದು ಇಷ್ಟು: ಇದು ಫೋನಿನಲ್ಲಿ ಮುಗಿಯುವುದಲ್ಲ, ಮನೋವೈದ್ಯರನ್ನು ನೋಡಿ, ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಕ್ಲಿನಿಕ್ ಇದೆಯೇ ವಿಚಾರಿಸಿ.

ಇತ್ತು. ರಾಜ್ಯ ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ನಮ್ಮ ಊರಿನಲ್ಲೇ ಅದು ನಡೆಯುತ್ತಿದ್ದುದು ನನಗಾಗಲಿ, ಅದೇ ಆಸ್ಪತ್ರೆಯ ಎದುರು ಹತ್ತು ವರ್ಷದಿಂದ ಅಂಗಡಿ ಇಟ್ಟಿರುವ ಮಾವನಿಗಾಗಲಿ ಗೊತ್ತಿರಲಿಲ್ಲ. ಸೆಮಿಸ್ಟರ್ ರಜೆಯಲ್ಲಿ ಹೋದೆ. ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತಿದ್ದವರು ಒಬ್ಬ ಬಾಣಂತಿ, ಒಬ್ಬ ನಿವೃತ್ತ ಮೇಷ್ಟ್ರು, ಮಗನನ್ನು ಕರೆತಂದ ಒಬ್ಬ ರೈತ. ಸಿನಿಮಾದಲ್ಲಿ ತೋರಿಸುವಂಥದ್ದು ಏನೂ ಇರಲಿಲ್ಲ.

ಡಾಕ್ಟರ್ ಮೊದಲು ಕೇಳಿದ್ದು ಟೀ, ಕಾಫಿ ಎಷ್ಟು ಎಂದು. ಸಂಜೆ ಆರರ ಮೇಲೆ ಮೂರು ಲೋಟ ಎಂದಾಗ ತಲೆಯಾಡಿಸಿದರು. ಕೆಫೀನ್ ಅರ್ಧ ಕರಗಲೇ ಸುಮಾರು ಐದು ಗಂಟೆ ಬೇಕು. ಥೈರಾಯ್ಡ್, ರಕ್ತಹೀನತೆ ಪರೀಕ್ಷೆ ಮಾಡಿಸಿದರು, ಏಕೆಂದರೆ ಥೈರಾಯ್ಡ್ ಏರಿದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಅವೆಲ್ಲ ಸರಿಯಿದ್ದವು. ಪರಿಚಯದ ಅಂಗಡಿಯ ಮಾತ್ರೆಯ ವಿಷಯ ಮುಚ್ಚಿಡಬೇಕೆಂದುಕೊಂಡು ಹೋಗಿದ್ದೆ, ಹೇಳಿಬಿಟ್ಟೆ. ಬೈಯಲಿಲ್ಲ. ಒಮ್ಮೆಲೇ ಬಿಡಬೇಡ ಎಂದು, ಹೇಗೆ ಇಳಿಸುತ್ತಾ ಬರಬೇಕೆಂದು ಬರೆದುಕೊಟ್ಟರು. ಆಮೇಲೆ ಏಳು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. 21ಕ್ಕೆ ನನಗೆ 16 ಬಂತು. ಜೀವನದಲ್ಲಿ ಮೊದಲ ಸಲ ಹೆಚ್ಚು ಅಂಕ ಬಂದದ್ದಕ್ಕೆ ಬೇಜಾರಾಯಿತು. ಆರು ತಿಂಗಳು ದಾಟಿದ, ಹಿಡಿತಕ್ಕೆ ಸಿಗದ ಚಿಂತೆಗೆ ಒಂದು ಹೆಸರಿದೆ. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ದಾಟಿದ ನಿದ್ದೆಗೇಡಿಗೆ ಬೇರೆ ಹೆಸರಿದೆ. ಒಂದು ಇನ್ನೊಂದನ್ನು ಬೆಳೆಸುತ್ತದೆ. ಎರಡಕ್ಕೂ ಚಿಕಿತ್ಸೆ ಇದೆ ಎಂದು ಬಿಡಿಸಿ ಹೇಳಿದರು. ಒಂದೂವರೆ ವರ್ಷ ‘ನನ್ನ ವೀಕ್ನೆಸ್’ ಎಂದುಕೊಂಡದ್ದು ಹತ್ತು ನಿಮಿಷದಲ್ಲಿ ಕಾಯಿಲೆಯಾಯಿತು. ಕಾಯಿಲೆ ಎಂದರೆ ನನಗೆ ಸಮಾಧಾನವೇ ಆಯಿತು.

ಚಿಕಿತ್ಸೆ ಹೇಗಿರುತ್ತದೆ ಎಂಬ ಬಗ್ಗೆ ಗೆಳೆಯರಲ್ಲಿ ತಪ್ಪು ಕಲ್ಪನೆ ಬಹಳ. ಆತಂಕಕ್ಕೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ ನಿದ್ದೆ ಮಾತ್ರೆ ಅಲ್ಲ, ಅದೇ ರಾತ್ರಿ ಕೆಲಸ ಮಾಡುವುದೂ ಇಲ್ಲ. ಪರಿಣಾಮ ಕಾಣಲು ಎರಡರಿಂದ ಆರು ವಾರ ಹಿಡಿಯುತ್ತದೆ. ಮೊದಲ ಕೆಲವು ದಿನ ವಾಕರಿಕೆ, ಗಾಬರಿ ಸ್ವಲ್ಪ ಹೆಚ್ಚೂ ಆಗಬಹುದು. ನನಗೆ ಆಯಿತು. ಬಹಳ ಜನ ಅಲ್ಲೇ ‘ಇದು ನನಗೆ ಆಗ್ಬರಲ್ಲ’ ಎಂದು ಬಿಟ್ಟುಬಿಡುತ್ತಾರಂತೆ. ಚೆನ್ನಾಗಾದ ಮೇಲೂ ತಿಂಗಳುಗಟ್ಟಲೆ ಮುಂದುವರಿಸಿ, ಡಾಕ್ಟರ್ ಹೇಳಿದಂತೆ ನಿಧಾನವಾಗಿ ನಿಲ್ಲಿಸಬೇಕು. ಹಳೆಯ ನಿದ್ದೆಗೇಡಿಗೆ ಮೊದಲ ಆಯ್ಕೆ ಮಾತ್ರೆಯೇ ಅಲ್ಲ, ಸಿಬಿಟಿ-ಐ ಎಂಬ ವರ್ತನಾ ಚಿಕಿತ್ಸೆ. ಅದರ ನಿಯಮಗಳು ಕೇಳಲು ಸುಲಭ, ಪಾಲಿಸಲು ಕ್ರೂರ. ರಾತ್ರಿ ಎಷ್ಟೇ ಹೊತ್ತಿಗೆ ಮಲಗಿದ್ದರೂ ಬೆಳಿಗ್ಗೆ ಒಂದೇ ಸಮಯಕ್ಕೆ ಏಳಬೇಕು, ಭಾನುವಾರವೂ. ಹಾಸಿಗೆಯ ಮೇಲೆ ಓದುವಂತಿಲ್ಲ, ರೀಲ್ಸ್ ನೋಡುವಂತಿಲ್ಲ. ಇಪ್ಪತ್ತು ನಿಮಿಷದಲ್ಲಿ ನಿದ್ದೆ ಬರದಿದ್ದರೆ ಎದ್ದು ಹೋಗಿ ಬೇರೆ ಕಡೆ ಕೂರಬೇಕು, ಕಣ್ಣು ಎಳೆದಾಗ ಮಾತ್ರ ವಾಪಸ್ ಬರಬೇಕು. ಹಾಸಿಗೆ ಎಂದರೆ ಎಚ್ಚರ ಎಂದು ಮೆದುಳು ಕಲಿತುಬಿಟ್ಟಿರುತ್ತದೆ, ಅದನ್ನು ಮರೆಸುವ ಕೆಲಸ ಇದು. ನಾಲ್ಕು ಜನರ ಹಾಸ್ಟೆಲ್ ರೂಮಿನಲ್ಲಿ ಎದ್ದು ಹೋಗಿ ಕೂರಲು ಬೇರೆ ಕಡೆ ಎಲ್ಲಿದೆ? ನಾನು ಕಾರಿಡಾರಿನ ನೀರಿನ ಫಿಲ್ಟರ್ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ವಾರ್ಡನ್ ಮೊದಲು ಅನುಮಾನಪಟ್ಟರು, ಆಮೇಲೆ ‘ಇವತ್ತೂ ಬರ್ಲಿಲ್ವೇನಪ್ಪಾ’ ಎಂದು ಕೇಳತೊಡಗಿದರು.

ಐದನೇ ವಾರ ನಾಲ್ಕು ರಾತ್ರಿ ಐದೂವರೆ ಗಂಟೆ ಮಲಗಿದ್ದೆ ಎಂದು ಡೈರಿಯಲ್ಲಿದೆ. ಈಗ ಆರು ದಾಟುತ್ತದೆ. ಇಂಟರ್ನಲ್ಸ್ ವಾರದಲ್ಲಿ ಈಗಲೂ ಕೆಡುತ್ತದೆ.

ಇನ್ನು ಮಂಗಳವಾರದ ವಿಷಯ. ಈ ಬರಹ ನಿಜವಾಗಿ ಅದರ ಬಗ್ಗೆಯೇ.

ನಮಗೆ ಪ್ರತಿ ವಿಷಯದಲ್ಲಿ 85% ಹಾಜರಾತಿ ಬೇಕು. ಈ ಸೆಮಿಸ್ಟರ್‌ನಲ್ಲಿ ನಮ್ಮ ಬ್ಯಾಚಿನ ಲ್ಯಾಬ್ ಮಂಗಳವಾರ ಬೆಳಿಗ್ಗೆ. ವಾರಕ್ಕೆ ಒಂದೇ ಸಲ, ಸೆಮಿಸ್ಟರ್‌ಗೆ 14 ಸಲ. ಎರಡು ತಪ್ಪಿಸಿದರೆ 14ಕ್ಕೆ 12, ಅಂದರೆ 85.7%. ಮೂರನೆಯದು ತಪ್ಪಿದರೆ 78.6%, ಕಥೆ ಮುಗಿಯಿತು. ತಿಂಗಳಿಗೊಂದು ಫಾಲೋಅಪ್ ಎಂದರೆ ನಾಲ್ಕು ಮಂಗಳವಾರ. ನಗರದಲ್ಲಿ ಜಿಲ್ಲಾ ಆಸ್ಪತ್ರೆ ಇಲ್ಲವೇ ಎಂದು ಕೇಳಬಹುದು. ಇದೆ. ಒಪಿಡಿ ಬೆಳಿಗ್ಗೆ, ನಮ್ಮ ತರಗತಿಯೂ ಬೆಳಿಗ್ಗೆ. ಊರಿನ ಡಾಕ್ಟರಿಗೆ ಹೇಳಿದ್ದನ್ನೆಲ್ಲ ಹೊಸಬರಿಗೆ ಮೊದಲಿನಿಂದ ಹೇಳಬೇಕು. ಊರಿನಲ್ಲಾದರೆ ಮಾತ್ರೆ ಅಲ್ಲೇ ಉಚಿತವಾಗಿ ಸಿಗುತ್ತದೆ. ಖಾಸಗಿಯಾಗಿ ಸಂಜೆ ಕೂರುವ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರನ್ನು ವಿಚಾರಿಸಿದೆ, ಒಂದು ಸೆಷನ್‌ಗೆ 1,200 ರೂಪಾಯಿ. ನನ್ನ ತಿಂಗಳ ಮೆಸ್ ಬಿಲ್‌ನಲ್ಲಿ ಅದು ಸಣ್ಣ ಭಾಗವಲ್ಲ.

ವೈದ್ಯಕೀಯ ಕಾರಣಕ್ಕೆ ಹಾಜರಾತಿಯಲ್ಲಿ ರಿಯಾಯಿತಿ ಕೇಳಬಹುದು. ಅದಕ್ಕೆ ಪ್ರಮಾಣಪತ್ರ ಬೇಕು. ಪ್ರಮಾಣಪತ್ರದ ಮೇಲೆ ‘ಮನೋವೈದ್ಯಕೀಯ ವಿಭಾಗ’ ಎಂಬ ಸೀಲ್ ಇರುತ್ತದೆ. ಅದು ಕ್ಲಾಸ್ ಟೀಚರ್, ಎಚ್‌ಒಡಿ, ಆಫೀಸಿನ ಗುಮಾಸ್ತ ಹೀಗೆ ಐದು ಕೈ ದಾಟುತ್ತದೆ. ಪ್ಲೇಸ್‌ಮೆಂಟ್‌ಗೆ ಹೆಸರು ಕಳಿಸುವವರೂ ಆ ಕೈಗಳಲ್ಲಿ ಒಬ್ಬರು. ಅಪ್ಪನ ಮೊದಲ ಪ್ರಶ್ನೆಯೂ ಇದೇ ಆಗಿತ್ತು: ‘ನಾಳೆ ಕೆಲಸಕ್ಕೆ ತೊಂದ್ರೆ ಆಗಲ್ವಾ?’

ಕಾನೂನು ನಮ್ಮ ಪರ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಸರ್ಕಾರ ನಡೆಸುವ ಅಥವಾ ಅದರ ಹಣದಲ್ಲಿ ನಡೆಯುವ ಸೇವೆಗಳಲ್ಲಿ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. 23ನೇ ಸೆಕ್ಷನ್ ಪ್ರಕಾರ ರೋಗಿಯ ಮಾಹಿತಿ ಗೋಪ್ಯವಾಗಿರಬೇಕು. ಆಸ್ಪತ್ರೆಯವರು ಅದನ್ನು ಯಾರಿಗೂ ಹೇಳುವುದಿಲ್ಲ. ಹೇಳಬೇಕಾಗಿ ಬರುವುದು ನನಗೆ, 85%ರ ಸಲುವಾಗಿ. ಗೋಪ್ಯತೆ ಒಂದು ಕಾಯ್ದೆಯಲ್ಲಿದೆ, ಹಾಜರಾತಿ ಇನ್ನೊಂದು ನಿಯಮದಲ್ಲಿದೆ, ಇವೆರಡೂ ಒಂದನ್ನೊಂದು ಭೇಟಿಯಾಗಿಲ್ಲ. ಸುಪ್ರೀಂ ಕೋರ್ಟ್‌ನ 15 ಮಾರ್ಗಸೂಚಿಗಳಲ್ಲೂ ಹಾಜರಾತಿಯ ಬಗ್ಗೆ ನನಗೆ ಏನೂ ಕಾಣಲಿಲ್ಲ. ಕೌನ್ಸೆಲರ್ ನೇಮಿಸಿ ಎಂದರೆ ಕಾಲೇಜು ನೇಮಿಸುತ್ತದೆ. ಆ ಕೌನ್ಸೆಲರ್ ‘ನೀನು ಡಾಕ್ಟರ್‌ನ ನೋಡಪ್ಪಾ’ ಎಂದು ಕಳಿಸಿದ ಮೇಲೆ ಹುಡುಗ ಹೋಗುವುದು ಯಾವಾಗ? ಆಸ್ಪತ್ರೆಯ ಗಂಟೆಗಳನ್ನೂ ಕಾಲೇಜಿನ ಗಂಟೆಗಳನ್ನೂ ಪಕ್ಕಪಕ್ಕ ಇಟ್ಟು ಯಾರೂ ನೋಡಿದಂತಿಲ್ಲ.

ವಿಮೆಯ ಮಾತು ಬೇಗ ಮುಗಿಯುತ್ತದೆ. ಅದೇ ಕಾಯ್ದೆಯ 21ನೇ ಸೆಕ್ಷನ್ ದೈಹಿಕ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಿ ಎನ್ನುತ್ತದೆ. 2022ರ ಅಕ್ಟೋಬರ್ 31ರೊಳಗೆ ಎಲ್ಲ ಪಾಲಿಸಿಗಳಲ್ಲೂ ಸೇರಿಸಿ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ ಗಡುವು ಕೊಟ್ಟಿತ್ತು. ಸೇರಿಸಿದರು. ಆದರೆ ಬಹುತೇಕ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ ಕೊಡುತ್ತವೆ. ಆತಂಕ, ನಿದ್ದೆಗೇಡಿಗೆ ಯಾರೂ ದಾಖಲಾಗುವುದಿಲ್ಲ. ತಿಂಗಳಿಗೊಮ್ಮೆ ಹೊರರೋಗಿಯಾಗಿ ಹೋಗಿ ಬರುವವನಿಗೆ ಅದರಿಂದ ಬಿಡಿಗಾಸು ಬರುವುದಿಲ್ಲ.

ಇಷ್ಟಾದರೂ ನಮಗೆ ಪೋಸ್ಟರ್ ಅಂಟಿಸಲು ಒಂದು ಗೋಡೆಯಿದೆ. ಚಿಕ್ಕಪ್ಪನ ಮಗ, ನನಗೆ ಅಣ್ಣನಾಗಬೇಕು, ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದಾನೆ. 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ಬರೆದ. ಅಕ್ರಮ ಬಯಲಾಗಿ ಅದು ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅದೇ ವರ್ಷ ಆಗಸ್ಟ್ 27ರಂದು ಕೆಎಎಸ್ ಪ್ರಿಲಿಮ್ಸ್ ಬರೆದ. ಕನ್ನಡ ಅನುವಾದದ ತಪ್ಪುಗಳಿಂದ ಗಲಾಟೆಯಾಗಿ ಡಿಸೆಂಬರ್ 29ರಂದು ಮತ್ತೆ ಬರೆಯಬೇಕಾಯಿತು. ಒಂದೇ ಪರೀಕ್ಷೆಗೆ ಎರಡೆರಡು ಸಲ ಕೂರುವವನ ರಾತ್ರಿಗಳು ಹೇಗಿರುತ್ತವೆ? ಕೋಚಿಂಗ್ ಸೆಂಟರ್‌ಗಳಿಗೂ ಕೋರ್ಟ್‌ನ ಮಾರ್ಗಸೂಚಿ ಅನ್ವಯಿಸುತ್ತದೆ, ಅವುಗಳ ನೋಂದಣಿಗೆ ನಿಯಮ ಮಾಡಿ ಎಂದು ರಾಜ್ಯಗಳಿಗೆ ಎರಡು ತಿಂಗಳ ಸಮಯವನ್ನೂ ಕೊಟ್ಟಿತ್ತು. ಆದರೆ ಅಣ್ಣ ಕೋಚಿಂಗ್ ಮುಗಿಸಿ ಮೂರು ವರ್ಷವಾಯಿತು. ಈಗ ರೀಡಿಂಗ್ ರೂಮಿಗೆ ತಿಂಗಳ ಶುಲ್ಕ ಕಟ್ಟಿ ಓದುತ್ತಾನೆ. ಅವನು ಯಾವ ಸಂಸ್ಥೆಯ ವಿದ್ಯಾರ್ಥಿಯೂ ಅಲ್ಲ, ಉದ್ಯೋಗಿಯೂ ಅಲ್ಲ. ಅವನಿಗೂ ನಿದ್ದೆ ಇಲ್ಲ ಎಂದು ಕಳೆದ ಹಬ್ಬದಲ್ಲಿ ಹೇಳಿದ. ಜನ ಜೋಕ್ ಮಾಡುವ ಆ ಆಸ್ಪತ್ರೆ ಅವನ ಊರಿನಲ್ಲೇ ಇದೆ, ಹೋಗು ಎಂದೆ. ‘ಈ ಸಲ ರಿಸಲ್ಟ್ ಬಂದ್ಮೇಲೆ ನೋಡ್ತೀನಿ’ ಎಂದ. ಅವನ ಬಳಿ 85%ರ ಹಂಗಿಲ್ಲ, ಬೆಳಗಿನ ಸಮಯ ಬೇಕಾದಷ್ಟಿದೆ. ಆದರೂ ಹೋಗುತ್ತಿಲ್ಲ. ಆದ್ದರಿಂದ ನಿಯಮ ಸರಿಯಾದರೆ ಎಲ್ಲ ಸರಿಯಾಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಹೊರಟು ನಿಂತವನನ್ನು ನಿಯಮವೇ ತಡೆಯಬಾರದು.

ಆಗಬೇಕಾದದ್ದು ದೊಡ್ಡದೇನಲ್ಲ, ಹಣವೂ ಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆಯಲ್ಲಿರುವ ವಿದ್ಯಾರ್ಥಿಗೆ ತಿಂಗಳಿಗೆ ಅರ್ಧ ದಿನ ಹಾಜರಾತಿ ಕೊಡಲಿ, ತಪ್ಪಿದ ಲ್ಯಾಬ್ ಅನ್ನು ಬೇರೆ ಬ್ಯಾಚಿನ ಜೊತೆ ಮಾಡಲು ಬಿಡಲಿ. ಪ್ರಮಾಣಪತ್ರದಲ್ಲಿ ವಿಭಾಗದ ಹೆಸರಿಲ್ಲದೆ ಆಸ್ಪತ್ರೆಯ ಸೀಲ್ ಮತ್ತು ವೈದ್ಯರ ನೋಂದಣಿ ಸಂಖ್ಯೆ ಮಾತ್ರ ಇದ್ದರೆ ಸಾಕು ಎಂದು ವಿಶ್ವವಿದ್ಯಾಲಯಗಳು ಒಂದು ಸುತ್ತೋಲೆ ಹೊರಡಿಸಲಿ. ಕೌನ್ಸೆಲರ್ ಆಗಿ ನೇಮಿಸುವವರು ನಮಗೆ ಅಂಕ ಹಾಕುವವರಾಗದಿರಲಿ. ಇನ್ನೊಂದು ಸಾಲು, ಯಾವ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಮನೋವೈದ್ಯರು ಬರುತ್ತಾರೆ ಎಂಬುದನ್ನೂ ಅದೇ ಪೋಸ್ಟರ್‌ನಲ್ಲಿ ಬರೆಯಲಿ. ಹಾಸ್ಟೆಲ್‌ನಲ್ಲಿರುವ ಅರ್ಧಕ್ಕರ್ಧ ಹುಡುಗರು ಸುತ್ತಲ ತಾಲ್ಲೂಕಿನವರೇ.

ಈ ಸೆಮಿಸ್ಟರ್‌ನಲ್ಲಿ ನಾನು ಎರಡು ಮಂಗಳವಾರ ಖರ್ಚು ಮಾಡಿಯಾಗಿದೆ. ಮೂರನೆಯದಕ್ಕೆ ಮೊನ್ನೆ ಎಚ್‌ಒಡಿ ಸರ್ ಬಳಿ ಹೋಗಿ, ಸೀಲ್ ಇರುವ ಚೀಟಿಯನ್ನೇ ಕೊಟ್ಟೆ. ಅವರು ಅದನ್ನು ಓದಿ, ಮಡಚಿ, ಫೈಲಿಗೆ ಹಾಕದೆ ನನ್ನ ಕೈಗೇ ವಾಪಸ್ ಕೊಟ್ಟರು. ‘ಹೋಗ್ಬಿಟ್ಟು ಬಾ. ಗುರುವಾರ ಬಿ ಬ್ಯಾಚ್ ಜೊತೆ ಲ್ಯಾಬ್ ಮಾಡು, ನಾನು ಹೇಳಿರ್ತೀನಿ’ ಎಂದರು. ಅದು ನಿಯಮದಲ್ಲಿ ಎಲ್ಲೂ ಇಲ್ಲ, ಅವರು ಬೇರೆ ಕಡೆ ವರ್ಗವಾದರೆ ಮುಂದಿನ ಸೆಮಿಸ್ಟರ್‌ಗೆ ಇರುವುದೂ ಇಲ್ಲ. ನಾಲ್ಕನೇ ಮಂಗಳವಾರ ಡಿಸೆಂಬರ್‌ನಲ್ಲಿದೆ, ಅಂದೇ ಲ್ಯಾಬ್ ಇಂಟರ್ನಲ್ಸ್ ಕೂಡ. ಅದಕ್ಕೆ ಇನ್ನೂ ಏನೂ ದಾರಿ ಕಂಡಿಲ್ಲ.